ಮಳೆಗಾಲದ ಕಾರವಾರದಲ್ಲಿ ಪರ್ಶಿಯನ್ ಬೆಕ್ಕು

ಜುಲೈ ತಿಂಗಳಲ್ಲಿ ಪರ್ಶಿಯನ್ ಬೆಕ್ಕನ್ನು ಯಾರಾದರೂ ಚಿಕಿತ್ಸೆಗೆ ತಂದರೆ ನಾನು ಮೊದಲು ನೋಡುವುದು ಅದರ ಕಂಕುಳನ್ನು. ಮೇಲೆ ಕೂದಲು ರೇಷ್ಮೆಯಂತೆ ಹರಡಿಕೊಂಡಿರುತ್ತದೆ. ಮುಂಗಾಲನ್ನು ಮೆಲ್ಲಗೆ ಎತ್ತಿ ಬೆರಳಿನಿಂದ ಕೂದಲನ್ನು ಸರಿಸಿದರೆ ಒಳಗೆ ತೆಂಗಿನ ನಾರಿನ ಹಾಗೆ ಒತ್ತಿಕೊಂಡ ಗಂಟು, ಅದರ ಬುಡದಲ್ಲಿ ಕೆಂಪಾಗಿ ಒಸರುವ ಚರ್ಮ, ಒಣಗದ ಬಟ್ಟೆಯ ಮುಗ್ಗಲು ವಾಸನೆ. ಕೋಡಿಬಾಗದಿಂದ ಬಂದಿದ್ದ ಒಂದು ಬಿಳಿ ಬೆಕ್ಕಿಗೆ ಮನೆಯವರು ಪ್ರತಿ ವಾರ ತಪ್ಪದೆ ಸ್ನಾನ ಮಾಡಿಸುತ್ತಿದ್ದರು. ಅವರ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಆದರೆ ಒರೆಸಿ ಬಿಟ್ಟರೆ ತಾನಾಗಿ ಒಣಗುತ್ತದೆ ಎಂದು ನಂಬಿದ್ದರು. ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುವ ನಮ್ಮ ಊರಿನಲ್ಲಿ ಪಂಚೆಯೇ ಎರಡು ದಿನವಾದರೂ ಒಣಗುವುದಿಲ್ಲ. ಎರಡು ಪದರ ಕೂದಲಿನ ಪ್ರಾಣಿ ಹೇಗೆ ಒಣಗೀತು?

ಈ ತಳಿಯ ಮೂಲ ಒಣ ಹವೆಯ ಇರಾನಿನ ಪ್ರಸ್ಥಭೂಮಿ ಎಂಬುದು ವಾಡಿಕೆಯ ಮಾತು. ಖೊರಾಸಾನಿನ ಉದ್ದ ಕೂದಲಿನ ಬೆಕ್ಕುಗಳನ್ನು 1620ರ ಸುಮಾರಿಗೆ ತನ್ನ ಪತ್ರದಲ್ಲಿ ಬಣ್ಣಿಸಿದ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆ, 1623ರಲ್ಲಿ ಇಕ್ಕೇರಿಗೆ ಹೋಗುವ ದಾರಿಯಲ್ಲಿ ನಮ್ಮ ಹೊನ್ನಾವರ, ಗೇರುಸೊಪ್ಪೆಗಳನ್ನೂ ಹಾದುಹೋದವನು. ಆದರೆ ಇಂದಿನ ಚಪ್ಪಟೆ ಮುಖ ಅವನು ಕಂಡದ್ದಲ್ಲ. ಅದು ಬಹುಮಟ್ಟಿಗೆ ಕಳೆದ ಶತಮಾನದಲ್ಲಿ ಮನುಷ್ಯರು ಆರಿಸಿ ಬೆಳೆಸಿದ ಲಕ್ಷಣ.

ಆದ್ದರಿಂದ ನನ್ನ ಸಲಹೆ ಇಷ್ಟು: ಮಳೆಗಾಲದಲ್ಲಿ ಸ್ನಾನವನ್ನು ಕಡಿಮೆ ಮಾಡಿ, ಬಾಚುವುದನ್ನು ಒಂದು ದಿನವೂ ತಪ್ಪಿಸಬೇಡಿ. ಅಗಲ ಹಲ್ಲಿನ ಉಕ್ಕಿನ ಬಾಚಣಿಗೆ ಹಿಡಿದು ಕಂಕುಳು, ಕಿವಿಯ ಹಿಂದೆ, ತೊಡೆಯ ಸಂದು, ಬಾಲದ ಬುಡ ಇವುಗಳಿಂದ ತೊಡಗಬೇಕು. ಬೆನ್ನನ್ನು ಎಲ್ಲರೂ ಬಾಚುತ್ತಾರೆ. ಗಂಟು ಕಟ್ಟುವುದು ಅಲ್ಲಲ್ಲ. ಕಟ್ಟಿದ ಗಂಟಿಗೆ ಮನೆಯಲ್ಲಿ ಕತ್ತರಿ ಹಾಕಬೇಡಿ. ಬೆಕ್ಕಿನ ಚರ್ಮ ತೆಳ್ಳಗಿದ್ದು ಗಂಟಿನೊಡನೆ ಮೇಲಕ್ಕೆ ಎಳೆದುಕೊಂಡು ಬರುತ್ತದೆ, ಹೀಗೆ ಕತ್ತರಿಸಿಹೋದ ಚರ್ಮಕ್ಕೆ ನಾನು ಹೊಲಿಗೆ ಹಾಕಿದ್ದೇನೆ. ಸ್ನಾನ ಮಾಡಿಸಲೇಬೇಕಾದರೆ ಕರೆಂಟ್ ಇರುವ ಹೊತ್ತು ನೋಡಿ, ಡ್ರೈಯರಿನ ಹದವಾದ ಗಾಳಿಯಲ್ಲಿ ಕೂದಲಿನ ಬುಡ ಬೆರಳಿಗೆ ಒಣಗಿದೆ ಎನ್ನಿಸುವವರೆಗೂ ಬಿಡಬಾರದು.

ಗಜಕರ್ಣವೆಂದು ನಾವು ಕರೆಯುವ ಶಿಲೀಂಧ್ರ ರೋಗ ಈ ತಳಿಗೆ ಬೇಗ ತಗಲುತ್ತದೆ. ಮನೆಯ ಮಗುವಿನ ತೋಳಿನಲ್ಲಿ ದುಂಡನೆಯ ಕೆಂಪು ಕಲೆ ಕಂಡಾಗ ಬೆಕ್ಕನ್ನೂ ಪರೀಕ್ಷಿಸಿ, ಏಕೆಂದರೆ ಬೆಕ್ಕಿನ ಮೈಮೇಲೆ ಏನೂ ಕಾಣದೆಯೂ ಸೋಂಕು ಇರಬಲ್ಲದು. ಉದುರಿದ ಕೂದಲಿನಲ್ಲಿ ಇದರ ಬೀಜಕಣಗಳು ಒಂದು ವರ್ಷಕ್ಕೂ ಹೆಚ್ಚು ಕಾಲ ಬದುಕುವುದರಿಂದ ಹಾಸಿಗೆ, ಚಾಪೆ, ಬಾಚಣಿಗೆಗಳನ್ನೂ ಶುಚಿಗೊಳಿಸದೆ ಬರೀ ಔಷಧ ಕೊಟ್ಟರೆ ಸಾಲದು.

ಮುಖದ ಆರೈಕೆ ದಿನನಿತ್ಯದ್ದು. ಮೂಗು ಒಳಕ್ಕೆ ಒತ್ತಿಕೊಂಡಿರುವುದರಿಂದ ಕಣ್ಣೀರಿನ ನಾಳ ಸೊಟ್ಟಗಾಗಿ ನೀರು ಕೆನ್ನೆಯ ಮೇಲೆ ಹರಿಯುತ್ತದೆ. ಕಾಸಿ ಆರಿಸಿದ ನೀರಿನಲ್ಲಿ ಅದ್ದಿದ ಹತ್ತಿಯಿಂದ, ಒಂದೊಂದು ಕಣ್ಣಿಗೆ ಬೇರೆ ಬೇರೆ ಹತ್ತಿ ಬಳಸಿ, ಮೂಗಿನ ಬದಿಯಿಂದ ಹೊರಕ್ಕೆ ಒರೆಸಿ, ಕೂಡಲೇ ಒಣ ಬಟ್ಟೆಯನ್ನು ಒತ್ತಬೇಕು. ಬೆಕ್ಕು ಒಂದು ಕಣ್ಣನ್ನು ಅರೆ ಮುಚ್ಚಿ ಕುಳಿತರೆ ಅದು ಕೊಳೆಯಲ್ಲ, ಕಣ್ಣಿನ ಹುಣ್ಣಿರಬಹುದು; ಅಂದೇ ತೋರಿಸಿ. ಏಪ್ರಿಲ್–ಮೇ ಸೆಕೆಯಲ್ಲಿ ಬಾಯಿ ತೆರೆದು ಏದುಸಿರು ಬಿಡುವುದು ನಾಯಿಗೆ ಸಹಜ, ಬೆಕ್ಕಿಗೆ ಅಪಾಯದ ಸೂಚನೆ.

ತಟ್ಟೆ ಅಗಲವಾಗಿ, ಆಳವಿಲ್ಲದೆ ಇರಲಿ. ನಮ್ಮ ಕಡೆ ತಾರ್ಲೆ, ಬಂಗಡೆ ಸುಲಭವಾಗಿ ಸಿಗುತ್ತವೆಂದು ದಿನವೂ ಅದನ್ನೇ ಹಾಕುವವರಿದ್ದಾರೆ. ಎಣ್ಣೆಯಂಶದ ಮೀನೊಂದನ್ನೇ ತಿಂದು ಬೆಳೆದ ಬೆಕ್ಕಿಗೆ ಇ ಜೀವಸತ್ವದ ಕೊರತೆಯಿಂದ ಚರ್ಮದಡಿಯ ಕೊಬ್ಬು ಉರಿಯೂತಗೊಂಡು, ಮುಟ್ಟಿದರೆ ಚೀರುವಷ್ಟು ನೋವಾಗುತ್ತದೆ.

ಮರಿಯನ್ನು ಕೊಳ್ಳುವವರು ಬಣ್ಣ ಕೇಳುತ್ತಾರೆ, ಮೂಗು ಎಷ್ಟು ಚಪ್ಪಟೆ ಎಂದು ಕೇಳುತ್ತಾರೆ. ದಯವಿಟ್ಟು ತಾಯಿ–ತಂದೆಯ ಮೂತ್ರಪಿಂಡದ ಸ್ಕ್ಯಾನಿಂಗ್ ಅಥವಾ ಜೀನ್ ಪರೀಕ್ಷೆಯ ವರದಿ ಕೇಳಿ. ಮೂತ್ರಪಿಂಡದಲ್ಲಿ ನೀರುಗುಳ್ಳೆ ಬೆಳೆಯುವ ಆನುವಂಶಿಕ ರೋಗ ಈ ತಳಿಯಲ್ಲಿ ಹೆಚ್ಚು. ಹೆತ್ತವರಲ್ಲಿ ಒಬ್ಬರಿಗೆ ಇದ್ದರೂ ಪ್ರತಿ ಮರಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ಮತ್ತು ಮೂಗಿನ ಹೊಳ್ಳೆ ತೆರೆದಿರುವ, ಮಲಗಿದಾಗ ಸದ್ದಿಲ್ಲದೆ ಉಸಿರಾಡುವ ಮರಿಯನ್ನೇ ಆರಿಸಿಕೊಳ್ಳಿ.