ಮಾತಿನ ನಡುವಿನ ಮೌನಕ್ಕೆ ಯಾರು ಹೊಣೆ?

ಕೆಲವು ವರ್ಷಗಳ ಹಿಂದೆ ಒಂದೇ ಸಂಸ್ಥೆಯ ಎರಡು ತಂಡಗಳ ಮನಸ್ತಾಪವೊಂದು ನನ್ನ ಮೇಜಿನ ಮೇಲೆ ಬಂದು ಬಿತ್ತು. ಬೇರೆ ಬೇರೆ ಖಂಡಗಳಲ್ಲಿದ್ದ ಆ ತಂಡಗಳು ವಾರಕ್ಕೆ ಮೂರು ಸಲ ಅಂತರ್ಜಾಲದ ಧ್ವನಿಕರೆಯಲ್ಲಿ ಸೇರುತ್ತಿದ್ದವು. ‘ನಾವು ಬಾಯಿ ತೆರೆದರೆ ಸಾಕು, ಮಾತು ಮುಗಿಯುವ ಮೊದಲೇ ನಡುವೆ ಬಾಯಿ ಹಾಕುತ್ತಾರೆ’ ಎಂಬುದು ಒಂದು ಕಡೆಯವರ ದೂರು. ‘ಏನು ಕೇಳಿದರೂ ಮೀನಮೇಷ ಎಣಿಸುತ್ತಾರೆ, ನಮ್ಮಿಂದ ಏನನ್ನೋ ಮುಚ್ಚಿಡುತ್ತಿದ್ದಾರೆ’ ಎಂಬುದು ಇನ್ನೊಂದು ಕಡೆಯವರದು. ಆಪ್ತಸಮಾಲೋಚಕರನ್ನು ಕರೆಸುವ ಮಾತು ನಡೆದಿದ್ದಾಗ, ಕರೆಯ ಗುಣಮಟ್ಟವನ್ನೂ ಒಮ್ಮೆ ಪರೀಕ್ಷಿಸಿಬಿಡೋಣವೆಂದು ಯಾರಿಗೋ ತೋಚಿತು. ಹೀಗಾಗಿ ಧ್ವನಿಜಾಲಗಳ ಎಂಜಿನಿಯರ್ ಆದ ನನಗೆ, ಮನುಷ್ಯರ ಸ್ವಭಾವಕ್ಕೆ ಸಂಬಂಧಿಸಿದ್ದೆಂದು ಎಲ್ಲರೂ ತೀರ್ಮಾನಿಸಿದ್ದ ವ್ಯಾಜ್ಯವೊಂದನ್ನು ಮೀಟರಿನಿಂದ ಅಳೆಯುವ ಅವಕಾಶ ಸಿಕ್ಕಿತು.

ಒಂದು ಕಡೆ ಆಡಿದ ಮಾತು ಇನ್ನೊಂದು ಕಡೆಯ ಕಿವಿಯನ್ನು ತಲುಪಲು 430 ಮಿಲಿಸೆಕೆಂಡ್, ಅಂದರೆ ಅರ್ಧ ಸೆಕೆಂಡಿಗೆ ತುಸು ಕಡಿಮೆ ಕಾಲ, ಹಿಡಿಯುತ್ತಿತ್ತು. ಯಾವುದೋ ಹಳೆಯ ಸಂರಚನೆಯಿಂದಾಗಿ ಆ ಕರೆಗಳು ಎರಡೂ ತಂಡಗಳಿಗೆ ಸಂಬಂಧವಿಲ್ಲದ ಮೂರನೆಯ ಖಂಡದ ಸರ್ವರ್ ಒಂದನ್ನು ಸುತ್ತಿಕೊಂಡು ಬರುತ್ತಿದ್ದವು. ನಾನು ಎರಡೂ ತುದಿಗಳಲ್ಲಿ ಒಂದೇ ಸಂಭಾಷಣೆಯನ್ನು ಪ್ರತ್ಯೇಕವಾಗಿ ಧ್ವನಿಮುದ್ರಿಸಿ, ಎರಡು ದಾಖಲೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಕೇಳಿದೆ. ಮೊದಲ ತುದಿಯವರು ಪ್ರಶ್ನೆ ಕೇಳಿ ಮುಗಿಸುತ್ತಾರೆ; ಪ್ರಶ್ನೆ ಎರಡನೆಯ ತುದಿಗೆ 430 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ; ಆ ತುದಿಯವರು ಕಿಂಚಿತ್ತೂ ಹಿಂಜರಿಯದೆ 200 ಮಿಲಿಸೆಕೆಂಡಿನೊಳಗೆ ಉತ್ತರ ಆರಂಭಿಸುತ್ತಾರೆ; ಉತ್ತರ ಹಿಂದಿರುಗಲು ಮತ್ತೆ 430. ಎಲ್ಲ ಕೂಡಿಸಿದರೆ ಪ್ರಶ್ನೆ ಕೇಳಿದವರ ಪಾಲಿಗೆ ಒಂದು ಸೆಕೆಂಡಿಗಿಂತ ಹೆಚ್ಚಿನ ನಿಶ್ಶಬ್ದ. ಅವರು ಅಷ್ಟು ಹೊತ್ತು ತಾಳಲಾರದೆ 900ನೆಯ ಮಿಲಿಸೆಕೆಂಡಿನ ಸುಮಾರಿಗೆ ‘ಹಲೋ, ಕೇಳಿಸಿತೇ?’ ಎನ್ನುತ್ತಾರೆ, ಮತ್ತು ಅದೇ ಗಳಿಗೆಯಲ್ಲಿ ಅವರ ಕಿವಿಗೆ ಉತ್ತರವೂ ಬಂದು ಡಿಕ್ಕಿ ಹೊಡೆಯುತ್ತದೆ. ಎರಡನೆಯ ತುದಿಯ ದಾಖಲೆಯಲ್ಲಾದರೋ ಕೇಳಿಸುವುದು ಬೇರೆಯೇ ಸಂಗತಿ: ಕೇಳಿದ ಕೂಡಲೇ ಉತ್ತರ ಹೇಳತೊಡಗಿದವರನ್ನು, ಮುಕ್ಕಾಲು ಸೆಕೆಂಡಾಗುವಷ್ಟರಲ್ಲಿ ಪ್ರಶ್ನೆ ಕೇಳಿದವರೇ ‘ಕೇಳಿಸಿತೇ?’ ಎಂದು ತಡೆಯುತ್ತಿದ್ದಾರೆ. ಎರಡೂ ದೂರುಗಳು ನಿಜವಾಗಿದ್ದವು, ಎರಡಕ್ಕೂ ಸಾಕ್ಷ್ಯವಿತ್ತು, ಆದರೆ ಯಾರೂ ತಪ್ಪು ಮಾಡಿರಲಿಲ್ಲ.

ಇಷ್ಟು ಸಣ್ಣ ಅವಧಿಗೆ ಮನುಷ್ಯರು ಇಷ್ಟೊಂದು ಸೂಕ್ಷ್ಮವಾಗಿ ಸ್ಪಂದಿಸುತ್ತಾರೆಯೇ ಎಂಬ ಅನುಮಾನ ಸಹಜ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ಜಗತ್ತಿನ ಬೇರೆ ಬೇರೆ ಭಾಗಗಳ ಹತ್ತು ಭಾಷೆಗಳಲ್ಲಿ, ಹೌದು ಅಥವಾ ಇಲ್ಲವೆಂದು ಉತ್ತರಿಸಬಹುದಾದ ಪ್ರಶ್ನೆಗೂ ಅದರ ಉತ್ತರಕ್ಕೂ ನಡುವಿನ ಅಂತರವನ್ನು ಅಳೆಯಿತು. ಸರಾಸರಿ ಅಂತರ ಸುಮಾರು 200 ಮಿಲಿಸೆಕೆಂಡ್. ಅತಿ ಬೇಗ ಉತ್ತರಿಸಿದವರು ಜಪಾನೀ ಭಾಷಿಕರು, ಅತಿ ನಿಧಾನವಾಗಿ ಉತ್ತರಿಸಿದವರು ಡೇನಿಷ್ ಭಾಷಿಕರು. ಆ ಅತಿ ನಿಧಾನದ ಸರಾಸರಿಯೂ ಅರ್ಧ ಸೆಕೆಂಡನ್ನು ಮುಟ್ಟಲಿಲ್ಲ. ಚಿತ್ರವೊಂದನ್ನು ನೋಡಿ ಅದರ ಹೆಸರು ಹೇಳಲು ನಮಗೆ ಸುಮಾರು 600 ಮಿಲಿಸೆಕೆಂಡ್ ಬೇಕಾಗುತ್ತದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಎದುರಿನವರ ವಾಕ್ಯ ಮುಗಿಯುವ ಮುನ್ನವೇ ನಾವು ಉತ್ತರವನ್ನು ಒಳಗೊಳಗೇ ಕಟ್ಟಿಕೊಂಡು, ವಾಕ್ಯ ಎಲ್ಲಿ ಮುಗಿಯುತ್ತದೆಂದು ಊಹಿಸುತ್ತ ಕಾಯುತ್ತಿರುತ್ತೇವೆ ಎಂಬುದು ಸ್ಪಷ್ಟವಾಗುತ್ತದೆ. ತಾಳಕ್ಕೆ ಸರಿಯಾಗಿ ಸಮಕ್ಕೆ ಬಂದು ಸೇರುವ ಹಾಡುಗಾರರ ಕೌಶಲ ಇದು. ಹಾಡಲು ಬಾರದವರಿಗೂ ಮಾತಿನಲ್ಲಿ ಇದು ಸಿದ್ಧಿಸಿರುತ್ತದೆ.

ನನ್ನ ವೃತ್ತಿಯ ದೃಷ್ಟಿಯಿಂದ ಆ ಅಧ್ಯಯನದ ಇನ್ನೊಂದು ಫಲಿತಾಂಶ ಹೆಚ್ಚು ಮುಖ್ಯ. ಒಪ್ಪುವ ಉತ್ತರಗಳು ಬೇಗ ಬರುತ್ತವೆ, ಒಪ್ಪದ ಉತ್ತರಗಳು ತಡವಾಗಿ ಬರುತ್ತವೆ. ‘ನಾಳೆ ಬರುತ್ತೀರಾ?’ ಎಂದು ಕೇಳಿದಾಗ ಎದುರಿನವರು ಅರ್ಧ ಸೆಕೆಂಡ್ ಸುಮ್ಮನಾದರೆ, ಅವರು ಬಾಯಿ ತೆರೆಯುವ ಮೊದಲೇ ಬರುವುದಿಲ್ಲವೆಂದು ನಮಗೆ ಅರ್ಥವಾಗಿರುತ್ತದೆ. ‘ತೊಂದರೆಯಿದ್ದರೆ ಬಿಡಿ’ ಎಂದು ನಾವೇ ಅವರನ್ನು ಇಕ್ಕಟ್ಟಿನಿಂದ ಪಾರು ಮಾಡುವುದೂ ಉಂಟು. ಮೌನದ ಈ ಅರ್ಥವನ್ನು ನಮಗೆ ಯಾರೂ ಶಾಲೆಯಲ್ಲಿ ಹೇಳಿಕೊಟ್ಟಿಲ್ಲ. ಈಗ ಇದೇ ಅರ್ಧ ಸೆಕೆಂಡನ್ನು ಜಾಲವೇ ಪ್ರತಿ ಉತ್ತರದ ಮೊದಲೂ ತಂದು ಸೇರಿಸಿದರೆ ಏನಾಗುತ್ತದೆಂದು ಯೋಚಿಸಿ. ಸಂತೋಷದಿಂದ ಹೇಳಿದ ‘ಹೌದು’ ಕೂಡ ಒಲ್ಲದ ಮನಸ್ಸಿನ ‘ಹೌದು’ ಆಗಿ ಕೇಳಿಸುತ್ತದೆ. ಜರ್ಮನಿಯ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದು ಹೊರಬಿತ್ತು: ಕರೆಯಲ್ಲಿ ಕೃತಕವಾಗಿ ವಿಳಂಬವನ್ನು ಸೇರಿಸಿದಾಗ ಜನರು ಲೈನನ್ನು ದೂರುವುದಕ್ಕಿಂತ ಎದುರಿನ ವ್ಯಕ್ತಿಯ ಗಮನ ಮತ್ತು ಸ್ವಭಾವವನ್ನೇ ಶಂಕಿಸಿದರು. ಗರಗರ ಸದ್ದು ಬಂದರೆ ಲೈನ್ ಕೆಟ್ಟಿದೆಯೆಂದು ಯಾರಿಗಾದರೂ ತಿಳಿಯುತ್ತದೆ. ವಿಳಂಬಕ್ಕೆ ಸದ್ದೇ ಇಲ್ಲವಾದ್ದರಿಂದ ಅದರ ಹೊಣೆ ಎದುರಿಗಿರುವ ಮನುಷ್ಯರ ತಲೆಗೆ ಬೀಳುತ್ತದೆ.

ಹಾಗೆಂದು ವಿಳಂಬವೇ ಹೊಸದೇನಲ್ಲ. 1858ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾಸಿದ ಮೊದಲ ತಂತಿಯ ಮೂಲಕ ವಿಕ್ಟೋರಿಯಾ ರಾಣಿ ಅಮೆರಿಕದ ಅಧ್ಯಕ್ಷರಿಗೆ ಕಳಿಸಿದ, ನೂರು ಪದಗಳೂ ಇಲ್ಲದ ಸಂದೇಶ ದಾಟಲು ಸುಮಾರು 16 ಗಂಟೆ ಹಿಡಿಯಿತು. ರಾಣಿಯವರು ತಡವರಿಸುತ್ತಿದ್ದಾರೆಂದು ಯಾರೂ ಭಾವಿಸಲಿಲ್ಲ. ತಂತಿ ನಿಧಾನವೆಂಬುದು ಎಲ್ಲರಿಗೂ ಗೊತ್ತಿತ್ತು. ಉಪಗ್ರಹದ ಮೂಲಕ ಕರೆ ಮಾಡಿದ ತಲೆಮಾರಿನವರೂ ಇದನ್ನು ಅರಿತಿದ್ದರು. ಭೂಸ್ಥಿರ ಉಪಗ್ರಹ 35,786 ಕಿಲೋಮೀಟರ್ ಎತ್ತರದಲ್ಲಿರುವುದರಿಂದ, ಬೆಳಕಿನ ವೇಗದಲ್ಲಿ ಸಾಗಿದರೂ ಮಾತು ಮೇಲೇರಿ ಕೆಳಗಿಳಿಯಲು ಕಾಲು ಸೆಕೆಂಡಿನಷ್ಟು ಬೇಕು. ಆ ಕಾಲದಲ್ಲಿ ದೂರದ ಕರೆ ಮಾಡುವವರು ಒಂದು ಮಾತು ಆಡಿ, ತಡೆದು, ಮುಂದುವರಿಯುವ ಅಭ್ಯಾಸವನ್ನು ತಾವೇ ರೂಢಿಸಿಕೊಂಡರು. ಇಂದಿನ ಕರೆಯಾದರೋ ಪಕ್ಕದ ಕೋಣೆಯಿಂದ ಬಂದಷ್ಟು ಸ್ವಚ್ಛವಾಗಿರುತ್ತದೆ. ದನಿ ಹತ್ತಿರದಲ್ಲಿದೆ, ಮುಖ ಕಣ್ಣೆದುರಿಗಿದೆ. ಹೀಗಿರುವಾಗ ತಡವನ್ನು ನಡುವಿನ ದೂರದೊಂದಿಗೆ ಜೋಡಿಸುವ ಆಲೋಚನೆಯೇ ನಮಗೆ ಬರುವುದಿಲ್ಲ.

ವಾಸ್ತವವಾಗಿ ಇಂದಿನ ವಿಳಂಬದಲ್ಲಿ ದೂರದ ಪಾಲು ಹಲವು ಸಲ ಅರ್ಧಕ್ಕಿಂತಲೂ ಕಡಿಮೆ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಭೂಮಿಯ ಇನ್ನೊಂದು ಬದಿಗೆ ನೇರ ದಾರಿಯಿದ್ದರೆ 100 ಮಿಲಿಸೆಕೆಂಡ್ ಸಾಕು. ಉಳಿದ ಹೊತ್ತು ಹೋಗುವುದು ಯಂತ್ರಗಳ ಒಳಗೆ. ಮಾತನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಂಡುಗಳಾಗಿ ಕತ್ತರಿಸಿ ಪ್ಯಾಕೆಟ್ ಕಟ್ಟಲಾಗುತ್ತದೆ. ಎಲ್ಲ ಪ್ಯಾಕೆಟ್‌ಗಳೂ ಒಂದೇ ವೇಗದಲ್ಲಿ ಬರುವುದಿಲ್ಲವಾದ್ದರಿಂದ, ಸ್ವೀಕರಿಸುವ ಕಡೆ ಜಿಟರ್ ಬಫರ್ ಎಂಬ ತಂಗುದಾಣದಲ್ಲಿ ಮುಂದೆ ಬಂದವನ್ನು ಹಿಂದಿನವು ಬರುವವರೆಗೆ ಕಾಯಿಸಿ ಸಾಲಾಗಿ ಬಿಡಬೇಕಾಗುತ್ತದೆ. ವೈಫೈ, ಬ್ಲೂಟೂತ್ ಇಯರ್‌ಫೋನ್, ಸದ್ದು ತೆಗೆಯುವ ತಂತ್ರಾಂಶ ಇವೆಲ್ಲ ತಮ್ಮ ತಮ್ಮ ಪಾಲನ್ನು ಸೇರಿಸುತ್ತವೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನೊಳಗಿದ್ದರೆ ಬಹುತೇಕ ಬಳಕೆಗೆ ತೊಂದರೆಯಿಲ್ಲವೆಂದೂ, ಜಾಲವನ್ನು ಯೋಜಿಸುವಾಗ 400ನ್ನು ಮೀರಬಾರದೆಂದೂ ಹೇಳುತ್ತದೆ. ನಾನು ಅಳೆದ ಕರೆ ಆ ಮೇಲಿನ ಗೆರೆಯನ್ನೂ ದಾಟಿತ್ತು.

ವಿಳಂಬಕ್ಕಿಂತಲೂ ಕಡಿಮೆ ಗಮನಕ್ಕೆ ಬಂದಿರುವ ನಷ್ಟವೊಂದಿದೆ. ಕನ್ನಡದಲ್ಲಿ ಅದಕ್ಕೆ ಒಳ್ಳೆಯ ಪದವೇ ಇದೆ: ಹೂಂಗುಟ್ಟುವುದು. ಕಥೆ ಹೇಳುವವರಿಗೆ ಹೂಂಗುಟ್ಟುವವರು ಬೇಕೆಂಬುದು ಕೇಳುವವರ ಆಸಕ್ತಿಯನ್ನು ಕುರಿತ ಮಾತು ಮಾತ್ರವಲ್ಲ. ಆ ‘ಹೂಂ’ ಎಲ್ಲಿ ಬೀಳುತ್ತದೆ, ಎಷ್ಟು ದೀರ್ಘವಾಗಿ ಬೀಳುತ್ತದೆ ಎಂಬುದರ ಮೇಲೆ ಹೇಳುವವರು ತಮ್ಮ ಕಥೆಯನ್ನು ಹಿಗ್ಗಿಸುತ್ತಾರೆ, ಕುಗ್ಗಿಸುತ್ತಾರೆ, ಅರ್ಥವಾಗದ್ದನ್ನು ಇನ್ನೊಮ್ಮೆ ವಿವರಿಸುತ್ತಾರೆ. ನಮ್ಮ ಯಂತ್ರಗಳು ಈ ‘ಹೂಂ’ ವಿಷಯದಲ್ಲಿ ನಿರ್ದಯವಾಗಿವೆ. ಸ್ಪೀಕರ್‌ಫೋನಿನ ಪ್ರತಿಧ್ವನಿ ತಡೆಯುವ ವ್ಯವಸ್ಥೆ ಒಂದು ಕಡೆಯ ದನಿ ದೊಡ್ಡದಾದಾಗ ಇನ್ನೊಂದು ಕಡೆಯದನ್ನು ಅದುಮುತ್ತದೆ. ಗದ್ದಲ ತೆಗೆಯುವ ತಂತ್ರಾಂಶ, ಬಾಯಿ ಮುಚ್ಚಿಕೊಂಡೇ ಹೊರಡಿಸುವ ಈ ಮೆಲುದನಿಯನ್ನು ಗದ್ದಲವೆಂದೇ ಬಗೆದು ಅಳಿಸಿಬಿಡುವುದುಂಟು. ಹೆಚ್ಚು ಜನರಿರುವ ಸಭೆಯಲ್ಲಿ ಎಲ್ಲರೂ ಶಿಸ್ತಿನಿಂದ ಮ್ಯೂಟ್ ಒತ್ತಿಕೊಂಡಿರುತ್ತಾರೆ. ವಿಳಂಬವಿದ್ದರಂತೂ ಉಳಿದುಕೊಂಡ ‘ಹೂಂ’ ಕೂಡ ಒಂದು ಮಾತು ತಪ್ಪಿ ಇನ್ನೊಂದು ಮಾತಿನ ಮೇಲೆ ಬೀಳುತ್ತದೆ. ಪರದೆಯ ಎದುರು ಕುಳಿತು ಪಾಠ ಹೇಳುವ ಶಿಕ್ಷಕರು ‘ಕೇಳಿಸುತ್ತಿದೆಯೇ? ಅರ್ಥವಾಗುತ್ತಿದೆಯೇ?’ ಎಂದು ಹತ್ತು ನಿಮಿಷಕ್ಕೊಮ್ಮೆ ಕೇಳುವುದು ಅಭ್ಯಾಸಬಲದಿಂದಲ್ಲ. ತರಗತಿಯ ಕೋಣೆಯಲ್ಲಿ ತಾನಾಗಿ ಸಿಗುತ್ತಿದ್ದ ಹೂಂಕಾರವನ್ನು ಅವರು ಇಲ್ಲಿ ಬಾಯಿಬಿಟ್ಟು ಬೇಡಬೇಕಾಗಿದೆ.

ಎಂಜಿನಿಯರುಗಳಿಗೆ ಮೌನದ ಬೆಲೆ ಗೊತ್ತಿಲ್ಲವೆಂದು ಇದರಿಂದ ತಿಳಿಯಬಾರದು. ಇಬ್ಬರು ಮಾತನಾಡುವಾಗ ಒಬ್ಬೊಬ್ಬರೂ ಸರಿಸುಮಾರು ಅರ್ಧ ಹೊತ್ತು ಸುಮ್ಮನಿರುವುದರಿಂದ, ಆ ಹೊತ್ತಿನಲ್ಲಿ ಏನನ್ನೂ ಕಳಿಸದೆ ಜಾಲದ ಹೊರೆಯನ್ನು ಇಳಿಸುವ ಪದ್ಧತಿ ಡಿಜಿಟಲ್ ಮೊಬೈಲ್ ಜಾಲಗಳಲ್ಲಿ ಆರಂಭದಿಂದಲೂ ಇದೆ. ಆದರೆ ನಿಜಕ್ಕೂ ಏನನ್ನೂ ಕಳಿಸದಿದ್ದರೆ ಕೇಳುಗರ ಕಿವಿಯಲ್ಲಿ ಸತ್ತಂತಹ ನಿಶ್ಶಬ್ದ ಉಂಟಾಗಿ, ಕರೆ ಕಡಿದುಹೋಯಿತೆಂದು ತಿಳಿದು ಜನರು ಫೋನ್ ಇಟ್ಟುಬಿಡುತ್ತಾರೆ. ಅದಕ್ಕಾಗಿ ಸ್ವೀಕರಿಸುವ ಫೋನೇ ಸಣ್ಣಗೆ ಜುಯ್ಯೆನ್ನುವ ಹುಸಿ ಸದ್ದೊಂದನ್ನು ತಯಾರಿಸಿ ಕೇಳಿಸುತ್ತದೆ. ನೀವು ಸುಮ್ಮನಿರುವಾಗ ನಿಮ್ಮ ಸ್ನೇಹಿತರಿಗೆ ಕೇಳಿಸುವ ‘ನಿಮ್ಮ ಕಡೆಯ ಸದ್ದು’ ಹೆಚ್ಚಿನ ಸಲ ಅವರ ಕೈಯಲ್ಲಿರುವ ಫೋನಿನೊಳಗೇ ಹುಟ್ಟಿದ್ದು. ನನ್ನ ವೃತ್ತಿಯಲ್ಲಿ ನಾನು ಕಂಡ ಅತ್ಯಂತ ಮಾನವೀಯ ಸುಳ್ಳು ಇದು.

ಬರೆದು ಕಳಿಸುವ ಸಂದೇಶಗಳಲ್ಲಿ ಮೌನದ ಕಥೆ ತಿರುವುಮುರುವಾಗಿದೆ. 1992ರ ಡಿಸೆಂಬರ್ 3ರಂದು ಕ್ರಿಸ್‌ಮಸ್ ಶುಭಾಶಯ ಹೊತ್ತ ಮೊದಲ ಎಸ್‌ಎಂಎಸ್ ಒಂದು ಕಂಪ್ಯೂಟರಿನಿಂದ ಫೋನಿಗೆ ಹೋದಾಗ, ಆ ಫೋನಿನಿಂದ ಮರುಸಂದೇಶ ಕಳಿಸುವ ಸೌಲಭ್ಯವೇ ಇರಲಿಲ್ಲ. ಉತ್ತರ ಬರಲಿಲ್ಲವೆಂದು ಬೇಸರಪಡುವ ಪ್ರಶ್ನೆಯೂ ಇರಲಿಲ್ಲ. ಕರೆಯಲ್ಲಿ ಯಂತ್ರದ ತಡ ಮನುಷ್ಯರ ತಡದಂತೆ ತೋರಿದರೆ, ಮೆಸೇಜಿನಲ್ಲಿ ಯಂತ್ರವು ಮನುಷ್ಯರ ತಡವನ್ನು ಅಳೆದು ತೋರಿಸುವ ಕೆಲಸಕ್ಕೆ ಇಳಿದಿದೆ. 2014ರ ನವೆಂಬರಿನಲ್ಲಿ ವಾಟ್ಸ್‌ಆ್ಯಪ್ ನೀಲಿ ಟಿಕ್ ತಂದಿತು. ಅದನ್ನು ಮುಚ್ಚಿಡುವ ಆಯ್ಕೆಯನ್ನು ಕೆಲವೇ ದಿನಗಳಲ್ಲಿ ಕೊಡಬೇಕಾಗಿ ಬಂತು. ಆ ಟಿಕ್‌ಗೆ ನಿಜವಾಗಿ ತಿಳಿದಿರುವುದು ಬಹಳ ಸ್ವಲ್ಪ: ಆ ಸಂಭಾಷಣೆ ಪರದೆಯ ಮೇಲೆ ತೆರೆದುಕೊಂಡಿದೆ ಎಂಬುದಷ್ಟೇ. ನೋಟಿಫಿಕೇಶನ್‌ನಲ್ಲೇ ಪೂರ್ತಿ ಓದಿದವರಿಗೆ ನೀಲಿ ಬಣ್ಣ ಬರುವುದಿಲ್ಲ, ಫೋನ್ ತೆರೆದಿಟ್ಟು ಒಲೆಯ ಕಡೆಗೆ ಓಡಿದವರಿಗೆ ಬರುತ್ತದೆ. ‘ಟೈಪಿಂಗ್’ ಎಂಬ ಸೂಚನೆಗೆ ಗೊತ್ತಿರುವುದು ಬೆರಳು ಕೀಲಿಯನ್ನು ಮುಟ್ಟಿದ್ದು ಮಾತ್ರ. ಅದು ಕಾಣಿಸಿ ಮಾಯವಾದಾಗ, ಬರೆದವರು ಮಾತನ್ನು ನುಂಗಿಕೊಂಡರೋ ಅಥವಾ ಯಾರೋ ಬಾಗಿಲು ತಟ್ಟಿದರೋ ಅದಕ್ಕೆ ತಿಳಿಯದು.

ಗುಂಪು ಸಂದೇಶಗಳಲ್ಲಂತೂ ‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಮಾತು ಸಂಪೂರ್ಣವಾಗಿ ಕೈಕೊಡುತ್ತದೆ. ಎದುರುಬದುರು ಕುಳಿತ ಸಭೆಯಲ್ಲಿ ಸುಮ್ಮನಿರುವವರ ಮುಖವಾದರೂ ಕಾಣುತ್ತದೆ. ಗುಂಪಿನಲ್ಲಿ ಸುಮ್ಮನಿರುವವರು ಒಪ್ಪಿರಬಹುದು, ಸಿಟ್ಟಾಗಿರಬಹುದು, ಗುಂಪನ್ನು ಮ್ಯೂಟ್ ಮಾಡಿ ಮರೆತಿರಬಹುದು. ‘ಯಾರೂ ಬೇಡವೆನ್ನಲಿಲ್ಲವಲ್ಲ’ ಎಂಬ ಆಧಾರದ ಮೇಲೆ ತೆಗೆದುಕೊಂಡ ತೀರ್ಮಾನಗಳು ಮುರಿದುಬೀಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ನನ್ನನ್ನು ಕೇಳಿದರೆ, ಧ್ವನಿಸಂದೇಶಗಳ ಜನಪ್ರಿಯತೆಗೆ ಕಾರಣವೂ ಇಲ್ಲಿಯೇ ಇದೆ. ಅದರಲ್ಲಿ ದನಿಯಿದೆ, ಏರಿಳಿತವಿದೆ, ಆದರೆ ಸರದಿಯಿಲ್ಲ. ಯಾರೂ ನಡುವೆ ಬಾಯಿ ಹಾಕುವಂತಿಲ್ಲ, ತಡವಾಯಿತೆಂದು ಯಾರೂ ಅರ್ಧ ಸೆಕೆಂಡಿನ ಲೆಕ್ಕ ಹಿಡಿಯುವಂತಿಲ್ಲ. ಕೇಳುವವರು ಅದನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ ಕೇಳುವಾಗ ಹೇಳಿದವರ ನಿಟ್ಟುಸಿರುಗಳೂ ಚಿಕ್ಕದಾಗಿಬಿಡುತ್ತವೆ ಎಂಬುದು ಬೇರೆ ಮಾತು.

ಆ ಎರಡು ತಂಡಗಳ ಕರೆಗೆ ನಾನು ಮಾಡಿದ್ದು ದೊಡ್ಡ ಕೆಲಸವೇನಲ್ಲ. ಮೂರನೆಯ ಖಂಡದ ಸರ್ವರನ್ನು ದಾರಿಯಿಂದ ತೆಗೆಸಿ, ಸಭೆಯ ಕೋಣೆಗಳಲ್ಲಿ ವೈಫೈ ಬದಲು ತಂತಿಯ ಸಂಪರ್ಕ ಕೊಡಿಸಿದೆ; ವಿಳಂಬ 160 ಮಿಲಿಸೆಕೆಂಡಿಗೆ ಇಳಿಯಿತು. ಒಂದು ತಿಂಗಳ ನಂತರ ಮತ್ತೆ ಎರಡೂ ತುದಿಗಳಲ್ಲಿ ಧ್ವನಿಮುದ್ರಿಸಿ ಕೇಳಿದಾಗ ‘ಹಲೋ, ಕೇಳಿಸಿತೇ?’ ಎಂಬುದು ಬಹುಮಟ್ಟಿಗೆ ನಿಂತಿತ್ತು, ಅಲ್ಲಲ್ಲಿ ‘ಹೂಂ’ ಕೇಳಿಸುತ್ತಿತ್ತು, ಒಂದು ಕಡೆ ಎರಡೂ ತಂಡಗಳು ಒಟ್ಟಿಗೆ ನಕ್ಕಿದ್ದವು. ವರದಿ ಒಪ್ಪಿಸಲು ಹೋದಾಗ, ಮೊದಲು ದೂರು ಕೊಟ್ಟಿದ್ದ ತಂಡದ ಮುಖ್ಯಸ್ಥರು ಅಂಕಿಅಂಶಗಳನ್ನು ಸಾವಧಾನವಾಗಿ ನೋಡಿ, ಲೈನ್ ಸರಿಹೋದದ್ದು ಒಳ್ಳೆಯದಾಯಿತೆಂದರು. ‘ಅಷ್ಟೇ ಅಲ್ಲ ಸಾರ್, ಈ ನಡುವೆ ಆ ಕಡೆಯವರ ಸ್ವಭಾವವೂ ಎಷ್ಟೋ ಸುಧಾರಿಸಿದೆ’ ಎಂದೂ ಸೇರಿಸಿದರು.