40 ಸರಿಯೋ, 96 ಸರಿಯೋ?

ಪ್ರಶ್ನೆ: ಮೊಬೈಲ್‌ನಲ್ಲಿ ಆಗಾಗ ಒಂದು ಒಗಟು ಬರುತ್ತದೆ. 1 + 4 = 5, 2 + 5 = 12, 3 + 6 = 21 ಆದರೆ 8 + 11 = ಎಷ್ಟು? ನಾನು 40 ಅಂದೆ. ಉಳಿದವರೆಲ್ಲ 96 ಅಂತಾರೆ. ಯಾವುದು ಸರಿ? ಇಂಥ ಒಗಟುಗಳಿಗೆ ಕೆಲವರು ಯಾರೂ ಯೋಚಿಸದ ಉತ್ತರ ಕೊಡುತ್ತಾರಲ್ಲ, ಅದನ್ನು ಹುಡುಕುವುದು ಹೇಗೆ?

ಉತ್ತರ: ಎರಡೂ ಸರಿ. ಜಗಳ ಬಿಡಿಸಲು ಬಂದವರ ಮಾತಿನ ಹಾಗೆ ಕೇಳಿಸುತ್ತದೆ, ಗೊತ್ತು. ಆದರೆ ಯಾರಿಗೂ ಬೇಜಾರಾಗದಿರಲಿ ಅಂತ ಹೇಳುತ್ತಿಲ್ಲ. ಲೆಕ್ಕ ಮಾಡಿಯೇ ತೋರಿಸುತ್ತೇನೆ.

ನಿಮ್ಮ 40 ಬಂದದ್ದು ಬಹುಶಃ ಹೀಗೆ. ಮೊದಲ ಸಾಲಿನ ಉತ್ತರ 5. ಅದನ್ನು ಎರಡನೇ ಸಾಲಿಗೆ ಹೊತ್ತು ತಂದರೆ 5 + 2 + 5 = 12. ಆ 12 ಮೂರನೇ ಸಾಲಿಗೆ ಬಂದರೆ 12 + 3 + 6 = 21. ಕೊನೆಗೆ 21 + 8 + 11 = 40. ಎಲ್ಲೂ ತಪ್ಪಿಲ್ಲ. 96 ಅಂದವರು ಗುಣಿಸಿದ್ದಾರೆ. ಎರಡು ಸಂಖ್ಯೆಗಳನ್ನು ಗುಣಿಸಿ, ಮೊದಲನೆಯದನ್ನು ಇನ್ನೊಮ್ಮೆ ಕೂಡಿದ್ದಾರೆ. 1 × 4 + 1 = 5. 2 × 5 + 2 = 12. 3 × 6 + 3 = 21. ಹಾಗಾಗಿ 8 × 11 + 8 = 96. ಇಲ್ಲೂ ತಪ್ಪಿಲ್ಲ.

ಈಗ ಒಗಟನ್ನು ಇನ್ನೊಮ್ಮೆ ಓದಿ. 2ಕ್ಕೆ 5 ಕೂಡಿದರೆ 7 ಆಗಬೇಕು, ಇಲ್ಲಿ 12 ಇದೆ. ಅಂದರೆ ಯಾವುದೋ ಒಂದು ಚಿಹ್ನೆ ತನ್ನ ಮಾಮೂಲಿ ಕೆಲಸ ಮಾಡುತ್ತಿಲ್ಲ. ಯಾವುದು? ಕೂಡುವ ಚಿಹ್ನೆಯಾ, ಸಮ ಚಿಹ್ನೆಯಾ, ಅಥವಾ ಅಂಕಿ ಬರೆಯುವ ರೀತಿಯೇ ಬೇರೆಯಾ? ಒಗಟು ಈ ಬಗ್ಗೆ ತುಟಿ ಬಿಚ್ಚುವುದಿಲ್ಲ. ಹೊಸ ಉತ್ತರಗಳೆಲ್ಲ ಹುಟ್ಟುವುದು ಅಲ್ಲೇ. ನೀವು ಹುಡುಕಬೇಕಾದ್ದು ಸಂಖ್ಯೆಯನ್ನಲ್ಲ, ಒಗಟು ಹೇಳದೆ ಬಿಟ್ಟ ಮಾತನ್ನು.

ಒಂದು ಬಿಟ್ಟ ಮಾತು ಕಣ್ಣೆದುರೇ ಇದೆ. ಸಾಲುಗಳು 1, 2, 3 ಅಂತ ಶುರುವಾಗಿ ಇದ್ದಕ್ಕಿದ್ದಂತೆ 8ಕ್ಕೆ ಹಾರುತ್ತವೆ. ನಡುವೆ 4 + 7, 5 + 8, 6 + 9, 7 + 10 ಇರಬೇಕಿತ್ತು ಅಲ್ವಾ? ಅವನ್ನೂ ಬರೆದುಕೊಂಡು, ನಿಮ್ಮದೇ ರೀತಿಯಲ್ಲಿ ಹಿಂದಿನ ಉತ್ತರವನ್ನು ಹೊತ್ತುಕೊಂಡು ಹೋಗಿ. 21 ಆದ ಮೇಲೆ 32 ಬರುತ್ತದೆ. ಆಮೇಲೆ 45, 60, 77. ಅದಕ್ಕೆ 8 ಮತ್ತು 11 ಸೇರಿಸಿದರೆ 96! ನೀವೂ ಅವರೂ ಜಗಳವಾಡುತ್ತಿದ್ದದ್ದು ಲೆಕ್ಕದ ಬಗ್ಗೆ ಅಲ್ಲವೇ ಅಲ್ಲ. ನಡುವಿನ ನಾಲ್ಕು ಸಾಲು ಇವೆಯೋ ಇಲ್ಲವೋ ಅನ್ನುವುದರ ಬಗ್ಗೆ. ಇದನ್ನು ಮೊದಲ ಸಲ ಮಾಡಿ ನೋಡಿದಾಗ ನನಗೆ ಒಗಟಿಗಿಂತ ಇದೇ ಜಾಸ್ತಿ ಖುಷಿ ಕೊಟ್ಟಿತು.

ಎಡಗಡೆಯನ್ನು ಪೂರ್ತಿ ಮುಚ್ಚಿಟ್ಟು ಬಲಗಡೆ ಮಾತ್ರ ನೋಡಿದರೆ? 5, 12, 21. ಮೊದಲು 7 ಹೆಚ್ಚಿದೆ, ಆಮೇಲೆ 9. ಮುಂದೆ 11 ಹೆಚ್ಚಿದರೆ 32. ಇದೂ ಒಂದು ಉತ್ತರವೇ. ಆದರೆ 8 ಮತ್ತು 11ನ್ನು ಸುಮ್ನೆ ಬರೆದಿದ್ದಾರೆ ಅಂತ ಒಪ್ಪಬೇಕಾಗುತ್ತದೆ. ಅದು ನನಗೆ ಅಷ್ಟಾಗಿ ಹಿಡಿಸುವುದಿಲ್ಲ.

ನನಗೆ ತುಂಬ ಇಷ್ಟವಾದ ಉತ್ತರ 201. ಇದರಲ್ಲಿ ಕೂಡುವ ಚಿಹ್ನೆ ಪಾಪ ಕೂಡುತ್ತಲೇ ಇರುತ್ತದೆ. ಬದಲಾಗುವುದು ಅಂಕಿ ಬರೆಯುವ ರೀತಿ. ನಾವು ಹತ್ತು ಹತ್ತರ ಕಟ್ಟು ಕಟ್ಟಿ ಎಣಿಸುತ್ತೇವೆ. 12 ಅಂದರೆ ಹತ್ತರ ಒಂದು ಕಟ್ಟು, ಬಿಡಿ ಎರಡು. ಈಗ ಐದೈದರ ಕಟ್ಟು ಕಟ್ಟಿ. 2 + 5 ಅಂದರೆ 7 ಕಡ್ಡಿ. ಐದರ ಒಂದು ಕಟ್ಟು, ಬಿಡಿ ಎರಡು. ಬರೆದರೆ 12. ಮೂರನೇ ಸಾಲಿನಲ್ಲಿ 3 + 6, ಅಂದರೆ 9 ಕಡ್ಡಿ. ನಾಲ್ಕರ ಕಟ್ಟು ಕಟ್ಟಿದರೆ ಎರಡು ಕಟ್ಟು, ಬಿಡಿ ಒಂದು. ಬರೆದರೆ 21. ಮೊದಲ ಸಾಲಿನಲ್ಲಿ ಆರರ ಕಟ್ಟು ಅಂದುಕೊಳ್ಳಿ. 5 ಕಡ್ಡಿಗೆ ಒಂದು ಕಟ್ಟೂ ಆಗುವುದಿಲ್ಲ, ಎಲ್ಲ ಬಿಡಿಯೇ. ಹಾಗಾಗಿ 5. ಆರು, ಐದು, ನಾಲ್ಕು ಆದ ಮೇಲೆ ಮೂರರ ಸರದಿ. 8 + 11 ಅಂದರೆ 19 ಕಡ್ಡಿ. ಮೂರರ ಆರು ಕಟ್ಟು, ಬಿಡಿ ಒಂದು. ಮೂರು ಕಟ್ಟು ಸೇರಿದರೆ ಒಂದು ದೊಡ್ಡ ಕಟ್ಟು. ಹಾಗಾಗಿ ದೊಡ್ಡ ಕಟ್ಟು ಎರಡು, ಚಿಕ್ಕ ಕಟ್ಟು ಸೊನ್ನೆ, ಬಿಡಿ ಒಂದು. 201.

ಇದರಲ್ಲೂ ಒಂದು ಕೊಂಕು ಹುಡುಕಬಹುದು. ಎಡಗಡೆ ಹತ್ತರ ಲೆಕ್ಕ, ಬಲಗಡೆ ಮಾತ್ರ ಸಾಲಿಗೊಂದು ಲೆಕ್ಕ ಯಾಕೆ? ಸಮಾಧಾನ ಹೇಳುವುದು ಕಷ್ಟ. ಆದರೂ 2ಕ್ಕೆ 5 ಕೂಡಿದರೆ 7 ಅನ್ನುವುದನ್ನು ಹಾಗೆಯೇ ಉಳಿಸಿಕೊಂಡ ಉತ್ತರ ಇದೊಂದೇ. ಆ ಒಂದು ಕಾರಣಕ್ಕೆ ನಾನು ಅದಕ್ಕೆ ಜಾಸ್ತಿ ಅಂಕ ಕೊಡುತ್ತೇನೆ.

96ಕ್ಕೆ ಇನ್ನೂ ದಾರಿಗಳಿವೆ. ಮೊದಲ ಸಂಖ್ಯೆಗೆ 2 ಸೇರಿಸಿ, ಅದರ ವರ್ಗ ಮಾಡಿ, 4 ಕಳೆಯಿರಿ. 9 − 4 = 5, 16 − 4 = 12, 25 − 4 = 21, 100 − 4 = 96. ಇಲ್ಲಿ ಎರಡನೇ ಸಂಖ್ಯೆ ಬೇಕಾಗಲೇ ಇಲ್ಲ! ಬೇಕಾದರೆ ಮೊದಲನೆಯದನ್ನು ಬಿಟ್ಟು ಎರಡನೆಯದರಿಂದಲೂ ಮಾಡಬಹುದು. ಅದರಿಂದ 1 ಕಳೆದು, ವರ್ಗ ಮಾಡಿ, 4 ಕಳೆಯಿರಿ. ಮತ್ತೆ ಅದೇ 5, 12, 21, 96.

ಇಷ್ಟೊಂದು ದಾರಿ ಒಂದೇ ಕಡೆ ಬಂದು ಸೇರುವುದು ಕಾಕತಾಳೀಯವಲ್ಲ. ಎಲ್ಲ ಸಾಲುಗಳಲ್ಲೂ ಎರಡನೇ ಸಂಖ್ಯೆ ಮೊದಲನೆಯದಕ್ಕಿಂತ ಸರಿಯಾಗಿ 3 ಜಾಸ್ತಿ ಇದೆ. ಪ್ರಶ್ನೆಯ ಸಾಲಿನಲ್ಲೂ ಅಷ್ಟೇ. ಅಂದರೆ ಎರಡು ಸಂಖ್ಯೆ ಕೊಟ್ಟ ಹಾಗೆ ತೋರಿಸಿ, ಕೊಟ್ಟದ್ದು ಒಂದೇ ಸಂಖ್ಯೆಯ ಸುಳಿವು. ಒಗಟು ಮಾಡಿದವರು ಕೊನೆಗೆ 2 + 9 ಎಷ್ಟು ಅಂತ ಕೇಳಿದ್ದರೆ ಬಣ್ಣ ಬಯಲಾಗುತ್ತಿತ್ತು. ಗುಣಿಸಿ ಕೂಡುವವರಿಗೆ 20 ಬರುತ್ತಿತ್ತು. ಮೊದಲ ಸಂಖ್ಯೆಯ ವರ್ಗದ ದಾರಿಯವರಿಗೆ 12, ಎರಡನೆಯದರವರಿಗೆ 60. ಯಾವ ಒಗಟು ಬಂದರೂ ಮೊದಲು ನೋಡಬೇಕಾದ್ದು ಇದನ್ನೇ: ಕೊಟ್ಟ ಸಾಲುಗಳೆಲ್ಲ ಒಂದೇ ಅಚ್ಚಿನವಾ? ಹಾಗಿದ್ದರೆ ಸುಳಿವು ಕಾಣುವುದಕ್ಕಿಂತ ಕಡಿಮೆ ಇದೆ, ಆಟವಾಡಲು ಜಾಗ ಜಾಸ್ತಿ ಇದೆ.

ಹಾಗಾದರೆ ಯಾವ ಸಂಖ್ಯೆಯನ್ನಾದರೂ ಉತ್ತರ ಅನ್ನಬಹುದೇ ಅಂತ ನೀವು ಕೇಳಬಹುದು. ಅನ್ನಬಹುದು, ತೊಂದರೆಯೇ ಅದು. ಸಾಲಿನ ಕ್ರಮಸಂಖ್ಯೆಯ ವರ್ಗಕ್ಕೆ ಅದರ ನಾಲ್ಕು ಪಟ್ಟು ಕೂಡಿದರೆ 5, 12, 21, 32 ಬರುತ್ತದೆ. ಈಗ ಕ್ರಮಸಂಖ್ಯೆಯಿಂದ 1, 2, 3 ಬೇರೆ ಬೇರೆಯಾಗಿ ಕಳೆದು, ಉಳಿದ ಮೂರು ಸಂಖ್ಯೆಗಳನ್ನೂ ಗುಣಿಸಿ, ಅದರ ಮೂರು ಪಟ್ಟನ್ನು ಇದಕ್ಕೆ ಅಂಟಿಸಿ. ಮೊದಲ ಮೂರು ಸಾಲುಗಳಲ್ಲಿ ಆ ಅಂಟಿಸಿದ ಭಾಗ ಸೊನ್ನೆಯಾಗಿ ಮಾಯವಾಗುತ್ತದೆ. ನಾಲ್ಕನೇ ಸಾಲಿನಲ್ಲಿ ಮಾತ್ರ 3 × 2 × 1 = 6, ಅದರ ಮೂರು ಪಟ್ಟು 18 ಆಗುತ್ತದೆ. 32 + 18 = 50. ಮೂರು ಪಟ್ಟಿನ ಬದಲು ಬೇರೆ ಪಟ್ಟು ಹಾಕಿ, ನಿಮಗಿಷ್ಟವಾದ ಸಂಖ್ಯೆ ಬರುತ್ತದೆ. ಗಣಿತ ಬಲ್ಲವರಿಗೆ ಇದು ಹಳೆಯ ತಂತ್ರ. ತಪ್ಪೇನಿಲ್ಲ, ಆದರೆ ಮೋಸದ ವಾಸನೆ ಬರುತ್ತದೆ. ಯಾಕೆಂದರೆ ಮೊದಲು 50 ಅಂತ ನಿರ್ಧರಿಸಿ ಆಮೇಲೆ ನಿಯಮ ಹೊಲಿದಿದ್ದೇವೆ.

ನಾನು ಉತ್ತರಗಳನ್ನು ತೂಗುವುದು ಹೀಗೆ. ನಿಯಮವನ್ನು ಬಾಯಲ್ಲಿ ಒಂದು ವಾಕ್ಯದಲ್ಲಿ ಹೇಳಲು ಬರುತ್ತದೆಯೇ? ಕೊಟ್ಟ ಒಂದು ಸುಳಿವನ್ನೂ ಬಿಡದೆ ಬಳಸಿದೆಯೇ? ಮೊದಲೆರಡು ಸಾಲು ನೋಡಿ ಕಟ್ಟಿದ ನಿಯಮ ಮೂರನೆಯದಕ್ಕೆ ತಾನಾಗಿ ಹೊಂದಿತೇ, ಅಥವಾ ಬಗ್ಗಿಸಬೇಕಾಯಿತೇ? ಈ ಲೆಕ್ಕದಲ್ಲಿ 40, 96, 201 ಗಟ್ಟಿ ಉತ್ತರಗಳು. 32 ಸ್ವಲ್ಪ ಸಡಿಲ. 50 ಬರೀ ಚಮತ್ಕಾರ.

ಒಂದೇ ತರ ಶುರುವಾಗಿ ಬೇರೆಯಾಗುವ ಸಾಲುಗಳನ್ನು ಒಮ್ಮೆ ನೋಡಿಟ್ಟುಕೊಂಡರೆ ಕಣ್ಣು ಪಳಗುತ್ತದೆ. 1, 2, 4, 8, 16 ಆದ ಮೇಲೆ? ದುಪ್ಪಟ್ಟು ಮಾಡುವವರು 32 ಅಂತಾರೆ. ಪ್ರತಿ ಸಂಖ್ಯೆಗೂ ಅದರದೇ ಅಂಕಿಗಳನ್ನು ಕೂಡಿಸುತ್ತಾ ಹೋದರೆ? 8ಕ್ಕೆ 8 ಕೂಡಿ 16. 16ಕ್ಕೆ 1 ಮತ್ತು 6 ಕೂಡಿ 23. ಒಂದು ವೃತ್ತದ ಅಂಚಿನಲ್ಲಿ ಚುಕ್ಕಿ ಇಟ್ಟು, ಎಲ್ಲ ಚುಕ್ಕಿಗಳನ್ನೂ ಒಂದಕ್ಕೊಂದು ಗೆರೆ ಎಳೆದು ಸೇರಿಸಿ, ಒಳಗಿನ ತುಂಡುಗಳನ್ನು ಎಣಿಸಿದರೆ? ಒಂದು ಚುಕ್ಕಿಗೆ 1 ತುಂಡು, ಎರಡಕ್ಕೆ 2, ಮೂರಕ್ಕೆ 4, ನಾಲ್ಕಕ್ಕೆ 8, ಐದಕ್ಕೆ 16. ಆರಕ್ಕೆ 31! ಕಾಗದದ ಮೇಲೆ ಎಳೆದು ನೋಡಿ. ಆದರೆ ಆರು ಚುಕ್ಕಿಗಳನ್ನು ಸಮ ದೂರದಲ್ಲಿ ಇಡಬೇಡಿ. ಹಾಗೆ ಇಟ್ಟರೆ ಮೂರು ಗೆರೆ ನಡುವೆ ಒಂದೇ ಕಡೆ ಸೇರಿ ಒಂದು ತುಂಡು ಕಳೆದುಹೋಗಿ 30 ಆಗುತ್ತದೆ. ಇನ್ನು 496ನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳನ್ನು ಬರೆಯಿರಿ. 1, 2, 4, 8, 16, ಆಮೇಲೆ ಅಲ್ಲೂ 31.

ಇಂಥ ಸಾಲುಗಳನ್ನು ಕೂಡಿಹಾಕುವುದನ್ನೇ ಒಬ್ಬ ಗಣಿತಜ್ಞ ಬದುಕಿನ ಕೆಲಸ ಮಾಡಿಕೊಂಡರು. ನೀಲ್ ಸ್ಲೋನ್ 1964ರಲ್ಲಿ ಶುರು ಮಾಡಿದ ಆ ಸಂಗ್ರಹ 1996ರಿಂದ ಇಂಟರ್‌ನೆಟ್‌ನಲ್ಲಿದೆ. ಈಗ ಅದರಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಸಾಲುಗಳಿವೆ. ನಾಲ್ಕೈದು ಸಂಖ್ಯೆ ಕೊಟ್ಟರೆ, ಅವು ಬರುವ ಸಾಲುಗಳನ್ನೆಲ್ಲ ತೋರಿಸುತ್ತದೆ. ಒಂದೇ ಉತ್ತರ ಅಂತ ಹಟ ಹಿಡಿಯುವವರಿಗೆ ಅದನ್ನು ತೋರಿಸಿ ಸಾಕು.

ಪರೀಕ್ಷೆಯಲ್ಲಿ ಬಂದರೆ ಮಾತ್ರ ಇಷ್ಟೆಲ್ಲ ಬೇಡ. ಕೊಟ್ಟ ಆಯ್ಕೆಗಳಲ್ಲಿ ನಿಮ್ಮ ಎರಡು ಮೂರು ಉತ್ತರಗಳ ಪೈಕಿ ಯಾವುದಿದೆ ನೋಡಿ ಗುರುತು ಹಾಕಿ. 40, 96 ಎರಡೂ ಇದ್ದರೆ ತಪ್ಪು ನಿಮ್ಮದಲ್ಲ, ಪ್ರಶ್ನೆಯದು.

ಲೆಕ್ಕವನ್ನೇ ಬಿಟ್ಟು ಯೋಚಿಸುವುದೂ ಒಂದು ದಾರಿ. ಸಂಖ್ಯೆಗೆ ಹೆಸರಿದೆ, ಹೆಸರಿಗೆ ಅಕ್ಷರ ಇದೆ. ಒಂದರಿಂದ ಹತ್ತರವರೆಗೆ ಕನ್ನಡದಲ್ಲಿ ಬರೆದು ಅಕ್ಷರ ಎಣಿಸಿ. ಎರಡು, ಒಂಬತ್ತು ಬಿಟ್ಟರೆ ಉಳಿದವೆಲ್ಲ ಎರಡೆರಡು ಅಕ್ಷರದವು. ಇದನ್ನು ಗಮನಿಸುತ್ತಾ ಕೂತಾಗ ನಾನೂ ಒಂದು ಒಗಟು ಮಾಡಿದೆ. 6, 8, 2, 7, 5, 1, 9, 4, 3, ಮುಂದೆ ಏನು? ಕೂಡಿ ಕಳೆದರೆ ಏನೂ ಸಿಗುವುದಿಲ್ಲ. ಹೆಸರುಗಳನ್ನು ನಿಘಂಟಿನ ಕ್ರಮದಲ್ಲಿ ಜೋಡಿಸಿದ್ದೇನೆ ಅಷ್ಟೇ. ಆರು, ಎಂಟು, ಎರಡು, ಏಳು, ಐದು, ಒಂದು, ಒಂಬತ್ತು, ನಾಲ್ಕು, ಮೂರು. ಕೊನೆಗೆ ಉಳಿಯುವುದು ಹತ್ತು. ಇದಕ್ಕೆ ಎರಡನೇ ಉತ್ತರವೇ ಇಲ್ಲ ಅಂತ ಬೀಗುತ್ತಾ ಪರಿಚಯದ ಒಬ್ಬ ಹುಡುಗಿಗೆ ಕೇಳಿದೆ. ಅವಳು ಸ್ವಲ್ಪ ಹೊತ್ತು ಬೆರಳು ಮಡಿಸುತ್ತಾ ಕೂತು, 0 ಅಂದಳು. ಸೊನ್ನೆಯ ‘ಸ’ ಹತ್ತರ ‘ಹ’ಕ್ಕಿಂತ ಮೊದಲು ಬರುತ್ತದಲ್ಲ, ಅಂದಳು.