ಅವಿಭಾಜ್ಯ ಅಪವರ್ತನ: 560001ರ ಒಳಗೆ ಏನಿದೆ?

ಒಂದು ಸಂಖ್ಯೆಯನ್ನು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವಾಗಿ ಬಿಡಿಸಿ ಬರೆಯುವುದೇ ಅವಿಭಾಜ್ಯ ಅಪವರ್ತನ. 12 ಅಂದರೆ 2 × 2 × 3. ಶಾಲೆಯಲ್ಲಿ ಲಸಾಅ, ಮಸಾಅ ಲೆಕ್ಕಕ್ಕೆ ಇದನ್ನು ಬಳಸಿ ಅಲ್ಲಿಗೇ ಬಿಟ್ಟಿರುತ್ತೇವೆ. ಇದರ ಸೊಗಸು ಗೊತ್ತಾಗುವುದು ದೊಡ್ಡ ಸಂಖ್ಯೆಯನ್ನು ಕೈಗೆತ್ತಿಕೊಂಡಾಗ.

ಬೆಂಗಳೂರಿನವರಿಗೆ 560001 ಪರಿಚಿತ, ಪ್ರಧಾನ ಅಂಚೆ ಕಚೇರಿಯ (ಜಿಪಿಒ) ಪಿನ್ ಕೋಡ್ ಅಲ್ವಾ? ಪಿನ್ ಪದ್ಧತಿ ಶುರುವಾದದ್ದು 1972ರ ಆಗಸ್ಟ್ 15ರಂದು. ಅಂಚೆಯ ವಿಷಯ ಪಕ್ಕಕ್ಕಿಟ್ಟು, ಸುಮ್ನೆ ಐದು ಲಕ್ಷದ ಅರವತ್ತು ಸಾವಿರದ ಒಂದು ಎಂದು ಓದೋಣ.

ಅಂಕಿಗಳ ಮೊತ್ತ 12. ಹಾಗಾಗಿ ಇದು 3ರಿಂದ ಭಾಗವಾಗುತ್ತದೆ. ಮುಂದಿನ 7, 11, 13ನ್ನು ಒಂದೇ ಏಟಿಗೆ ಪರೀಕ್ಷಿಸಬಹುದು. ಈ ಮೂರನ್ನೂ ಗುಣಿಸಿದರೆ 1001 ಬರುತ್ತದೆ. ಅದರಿಂದಾಗಿ ಆರಂಕಿಯ ಸಂಖ್ಯೆಯ ಮೊದಲ ಮೂರು ಅಂಕಿಗಳಿಂದ ಕೊನೆಯ ಮೂರನ್ನು ಕಳೆದು, ಬಂದದ್ದನ್ನು ಪರೀಕ್ಷಿಸಿದರೆ ಸಾಕು. 560ರಲ್ಲಿ 1 ಕಳೆದರೆ 559, ಅಂದರೆ 13 × 43. 7 ಇಲ್ಲ, 11 ಇಲ್ಲ, 13 ಇದೆ! ನನಗೆ ತುಂಬಾ ಇಷ್ಟವಾದ ಉಪಾಯ ಇದು.

3 ಮತ್ತು 13ರಿಂದ ಭಾಗಿಸಿದ ಮೇಲೆ 14,359 ಉಳಿಯುತ್ತದೆ. ಇಲ್ಲಿಂದ ತಾಳ್ಮೆ ಬೇಕು. 17, 19, 23 ಎಂದು ಒಂದೊಂದೇ ಅವಿಭಾಜ್ಯದಿಂದ ಭಾಗಿಸುತ್ತಾ ಹೋಗಬೇಕು. 83ಕ್ಕೆ ಬಂದಾಗ ಶೇಷ ಸೊನ್ನೆ.

560001 = 3 × 13 × 83 × 173

ಯಾರು ಯಾವ ದಾರಿಯಲ್ಲಿ ಬಿಡಿಸಿದರೂ ಇವೇ ನಾಲ್ಕು ಸಿಗುತ್ತವೆ. ಇದು ಅಂಕಗಣಿತದ ಮೂಲ ಪ್ರಮೇಯ. ಗಣಿತಜ್ಞ ಗೌಸ್ 1801ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದರ ಸಾಧನೆ ಇದೆ.

ಒಮ್ಮೆ ಬಿಡಿಸಿಕೊಂಡರೆ ಮಿಕ್ಕ ಲೆಕ್ಕ ಸುಲಭ. 560001ನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳು 16. ಅಷ್ಟನ್ನೂ ಕೂಡಿದರೆ ಎಷ್ಟು? ಪ್ರತಿ ಅವಿಭಾಜ್ಯಕ್ಕೂ ಒಂದು ಸೇರಿಸಿ ಗುಣಿಸಿ: 4 × 14 × 84 × 174 = 8,18,496. ಒಂದು ಕಳೆದು ಗುಣಿಸಿದರೆ 2 × 12 × 82 × 172 = 3,38,496. 1ರಿಂದ 560001ರವರೆಗೆ, ಇದರ ಜೊತೆ 1 ಬಿಟ್ಟು ಬೇರೆ ಯಾವ ಸಾಮಾನ್ಯ ಅಪವರ್ತನವೂ ಇಲ್ಲದ ಸಂಖ್ಯೆಗಳು ಇಷ್ಟಿವೆ. ಈಗ ಎರಡರ ವ್ಯತ್ಯಾಸ ನೋಡಿ: ಸರಿಯಾಗಿ 4,80,000! ಅದು ಸಮ ಸಂಖ್ಯೆ ಆಗಲೇಬೇಕು, ಯಾಕೆಂದರೆ ಎರಡೂ ಕಡೆ ಗುಣಿಸಿದ್ದು ಸಮ ಸಂಖ್ಯೆಗಳನ್ನೇ. ಇಷ್ಟು ಸೊನ್ನೆಗಳು ಬಂದದ್ದು ಮಾತ್ರ ಆಕಸ್ಮಿಕ.

ಅಕ್ಕಪಕ್ಕದ ಸಂಖ್ಯೆಗಳಾದರೆ ಒಂದೇ ಥರ ಇರುತ್ತವೆ ಅಂದುಕೊಳ್ಳಬೇಡಿ. ಮಲ್ಲೇಶ್ವರದ 560003ರಲ್ಲಿ ಇರುವುದು ಎರಡೇ ಅವಿಭಾಜ್ಯ, 257 × 2179. ಅದರ ಭಾಜಕಗಳ ಮೊತ್ತ 5,62,440, ಅಂದರೆ ಆ ಸಂಖ್ಯೆಗಿಂತ ಸ್ವಲ್ಪವೇ ಜಾಸ್ತಿ. 560003ಕ್ಕೆ ಒಂದು ಕೂಡಿದರೆ ಬಸವನಗುಡಿಯ 560004. ಅದು 2 × 2 × 3 × 23 × 2029. ಇಲ್ಲಿ 2 ಎರಡು ಸಲ ಬಂದಿರುವುದರಿಂದ ಒಂದು ಸೇರಿಸುವ ಸೂತ್ರ ಹಾಗೇ ನಡೆಯುವುದಿಲ್ಲ. 2ರ ಪಾಲಿಗೆ 1 + 2 + 4, ಅಂದರೆ 7 ತೆಗೆದುಕೊಳ್ಳಬೇಕು. ಆಗ ಮೊತ್ತ 7 × 4 × 24 × 2030 = 13,64,160. ಸಂಖ್ಯೆಯ ಎರಡರಷ್ಟಕ್ಕಿಂತಲೂ ಜಾಸ್ತಿ.